ಅರಿಯದ ಬಸಿರು

ತುಂಗಭದ್ರೆಯ ಉತ್ತರದ ದಡದಲ್ಲಿ, ಆನೆಗೊಂದಿಗೆ ಸಮೀಪವಾಗಿ, ಹನುಮನಹಳ್ಳಿಯೆಂಬ ಊರಿದೆ. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡಗಳು. ಅವುಗಳ ನಡುವೆ ಬತ್ತದ ಗದ್ದೆ, ಬಾಳೆಯ ತೋಟ. ಹತ್ತಿರದಲ್ಲಿಯೇ ಅಂಜನಾದ್ರಿ. ಐನೂರ ಎಪ್ಪತ್ತೈದು ಮೆಟ್ಟಿಲುಗಳನ್ನು ಹತ್ತಿದರೆ ಆಂಜನೇಯನ ಗುಡಿ ಸಿಕ್ಕುವುದು. ಹನುಮಂತನು ಜನಿಸಿದ್ದು ಇಲ್ಲಿಯೇ ಎಂಬುದು ಆ ಸೀಮೆಯವರ ನಂಬಿಕೆ; ಆ ನಂಬಿಕೆಯಿಂದಲೇ ದೂರದೂರದ ಯಾತ್ರಿಕರು ಅಲ್ಲಿಗೆ ಬರುವರು. ಎಲ್ಲರ ಬಾಯಲ್ಲಿಯೂ ಇರುವುದು ಮಗನ ಹೆಸರು. ಶ್ರೋತೃಗಳೆ, ನಾನು ಈ ಹೊತ್ತು ಆ ಬೆಟ್ಟವನ್ನು ನೆನೆಯುವುದು ತಾಯಿಯ ಸಲುವಾಗಿ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದ ಕೊನೆಯಲ್ಲಿ, ಕಡಲನ್ನು ದಾಟುವವರಾರೆಂದು ಕಪಿಗಳೆಲ್ಲ ಕಂಗೆಟ್ಟಿರುವಾಗ, ಒಂದು ಕಡೆ ಸುಮ್ಮನೆ ಕುಳಿತ ಹನುಮಂತನಿಗೆ ಜಾಂಬವಂತನು ಅವನ ಜನ್ಮವೃತ್ತಾಂತವನ್ನು ಹೇಳುವನು. ಅಂಜನೆಯು ಬೆಟ್ಟದ ಮೇಲೆ ತಿರುಗಾಡುತ್ತಿದ್ದಾಗ ವಾಯುವು ಅವಳನ್ನು ಅಪ್ಪಿದನು. ಬೆದರಿದ ಅಂಜನೆಯು ಮೊದಲು ಕೇಳಿದ್ದು, ತನ್ನ ಪಾತಿವ್ರತ್ಯವನ್ನು ಕೆಡಿಸಲೆಳಸಿದವನು ಯಾರೆಂದು. ನಿನಗೆ ಕೇಡು ಮಾಡಲಿಲ್ಲ, ಮನಸ್ಸಿನಿಂದ ಮಾತ್ರವೇ ನಿನ್ನನ್ನು ಸೇರಿದೆನು, ನಿನಗೆ ಮಹಾಬಲನಾದ ಮಗನು ಹುಟ್ಟುವನು ಎಂದು ವಾಯುವು ಸಮಾಧಾನ ಹೇಳುವನು. ಆಮೇಲೆ ಅವಳು ಮಗುವನ್ನು ಹೆತ್ತದ್ದು ಒಂದು ಗುಹೆಯಲ್ಲಿ. ದೇವತೆಗಳ ಕಥೆಯಾದುದರಿಂದ ಎಲ್ಲವೂ ಮಂಗಳವಾಗಿ ಮುಗಿಯುತ್ತದೆ. ಆದರೆ ಕಥೆಯೊಳಗಿನ ಎರಡು ಸಂಗತಿಗಳನ್ನು ಗಮನಿಸಬೇಕು: ಬಸಿರಿನ ಸುದ್ದಿಗೆ ಮುಂಚೆ ಬಂದದ್ದು ಅಂಜಿಕೆ, ಹೆರಿಗೆಯಾದದ್ದು ಗುಹೆಯಲ್ಲಿ. ಅಂಜನೆಗೆ ಸುದ್ದಿ ಹೇಳಲು ವಾಯುವಾದರೂ ಇದ್ದನು. ಹೇಳುವವರು ಯಾರೂ ಇಲ್ಲದ, ತನಗೂ ತಿಳಿಯದ ಬಸಿರು ಉಂಟೇ ಎಂಬುದು ಈ ದಿನದ ಪ್ರಶ್ನೆ.

ಉಂಟು. ಒಂಬತ್ತು ತಿಂಗಳು ಮಗುವನ್ನು ಹೊತ್ತು, ತಾನು ಗರ್ಭಿಣಿಯೆಂಬುದನ್ನರಿಯದೆ, ಹೊಟ್ಟೆನೋವೆಂದು ಆಸ್ಪತ್ರೆಗೆ ಹೋಗಿ, ಅಥವಾ ಹೋಗುವುದಕ್ಕೆ ಮುಂಚೆಯೇ, ಹೆತ್ತ ಹೆಂಗಸರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಸಂಶಯಿಸುತ್ತಾರೆ. “ಅದು ಹೇಗೆ ತಿಳಿಯದೆ ಇದ್ದೀತು? ನಾಟಕ!” ಎನ್ನುತ್ತಾರೆ. ಈ ಮಾತನ್ನು ಮನೆಯವರು ಆಡಿದರೆ ಒಂದು ಬಾಳು ಕೆಡುವುದು; ನ್ಯಾಯಸ್ಥಾನದಲ್ಲಿ ಆಡಿದರೆ ಒಬ್ಬಳು ಕೊಲೆಗಾತಿಯೆನಿಸಿ ಸೆರೆಮನೆಗೆ ಹೋಗಬಹುದು. ಆದುದರಿಂದ ಇದು ಕುತೂಹಲಕ್ಕೆ ಮಾತ್ರ ಕೇಳಿ ಬಿಡತಕ್ಕ ವಿಷಯವಲ್ಲ.

ಬಚ್ಚಿಡುವುದು ಬೇರೆ, ಅರಿಯದಿರುವುದು ಬೇರೆ. ಮಹಾಭಾರತದ ಕುಂತಿಯು ಕನ್ನೆಯಾಗಿದ್ದಾಗ ಕರ್ಣನನ್ನು ಹೊತ್ತಳು. ದಾದಿಯೊಬ್ಬಳ ಹೊರತು ಅರಮನೆಯಲ್ಲಿ ಯಾರಿಗೂ ಗೊತ್ತಾಗದಂತೆ ನೋಡಿಕೊಂಡು, ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟಳು. ಅವಳಿಗೆ ಎಲ್ಲವೂ ತಿಳಿದಿತ್ತು. ಲೋಕಕ್ಕೆ ಮಾತ್ರ ತಿಳಿದಿರಲಿಲ್ಲ. ಈಗ ನಾನು ಹೇಳುವ ಹೆಂಗಸಿಗೆ ತನಗೇ ತಿಳಿದಿರುವುದಿಲ್ಲ. ಇವೆರಡರ ನಡುವೆ ಮಬ್ಬಾದ ಒಂದು ಪ್ರದೇಶವೂ ಇದೆ: ರಾತ್ರಿ ಒಮ್ಮೆ ಥಟ್ಟನೆ ಹೊಳೆದು ಎದೆ ನಡುಗಿ, ಬೆಳಗಾಗುವುದರೊಳಗೆ ಆ ಯೋಚನೆಯನ್ನು ಮನಸ್ಸೇ ನುಂಗಿಬಿಡುವುದು. ವೈದ್ಯರು ಇವೆಲ್ಲಕ್ಕೂ ಸೇರಿಸಿ ಗರ್ಭದ ನಿರಾಕರಣೆಯೆಂಬ ಹೆಸರನ್ನು ಬಳಸುತ್ತಾರೆ. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ನಿರಾಕರಿಸುವವಳಿಗೆ ಎದುರಿನಲ್ಲೊಂದು ವಸ್ತು ಕಂಡಿರಬೇಕು, ಕಾಣದುದನ್ನು ನಿರಾಕರಿಸುವುದೆಂತು? ಅರಿಯದ ಬಸಿರು ಎಂದರೆ ಸಾಕು.

ನಮ್ಮ ನಾಡಿನಲ್ಲಿ ಇದನ್ನು ನಂಬುವುದು ಇನ್ನೂ ಕಷ್ಟ. ಏಕೆಂದರೆ ಇಲ್ಲಿ ಬಸಿರೆಂಬುದು ಒಬ್ಬಳ ಸ್ವಂತದ ಸಂಗತಿಯೇ ಅಲ್ಲ. ಅದು ಮನೆಯ ಸಂಗತಿ, ಕೇರಿಯ ಸಂಗತಿ. ಕೊಪ್ಪಳ ಗಂಗಾವತಿಗಳ ಕಡೆ ಸೊಸೆಯು ಹೊರಗಾಗುವ ದಿನವನ್ನು ಅವಳಿಗಿಂತ ಮೊದಲು ಅತ್ತೆಯೇ ಎಣಿಸಿಕೊಂಡಿರುತ್ತಾಳೆ. ದಿನ ಮೀರಿದರೆ ಸಾಕು, ನೆರೆಯವಳು ಮುಖ ನೋಡಿಯೇ ಕೇಳುವಳು. ಬಯಕೆ ಕೇಳುವರು, ಐದನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ಹಸಿರು ಸೀರೆಯುಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕುಬುಸ ಮಾಡುವರು. ಹೀಗೆ ಹತ್ತು ಕಣ್ಣುಗಳು ಕಾಯುತ್ತಿರುವಾಗ ಬಸಿರು ಮರೆಯಾಗುವುದುಂಟೆ?

ಆದರೆ ಆ ಹತ್ತು ಕಣ್ಣುಗಳು ಯಾರನ್ನು ಕಾಯುತ್ತಿವೆ ಎಂದು ಕೇಳಬೇಕು. ಅವು ಕಾಯುವುದು ಹೊಸದಾಗಿ ಮದುವೆಯಾದ ಸೊಸೆಯನ್ನು. ಮದುವೆಯಾಗದ ಹುಡುಗಿಯ ದಿನಗಳನ್ನು ಯಾರು ಎಣಿಸುತ್ತಾರೆ? ವಿಧವೆಯ ದಿನಗಳನ್ನು? ನಲವತ್ತೈದು ವರ್ಷದ, ಮೊಮ್ಮಗನನ್ನೆತ್ತಿ ಆಡಿಸುವ ಹೆಂಗಸಿನ ದಿನಗಳನ್ನು? ಯಾರ ದಿನಗಳನ್ನು ಯಾರೂ ಎಣಿಸುವುದಿಲ್ಲವೋ, ಅವರು ತಾವೂ ಎಣಿಸುವುದನ್ನು ಬಿಟ್ಟಿರುತ್ತಾರೆ. ಬಸಿರನ್ನು ಬಯಸುವ ಸಮಾಜವು ಬಸಿರನ್ನು ಎಷ್ಟು ಚೆನ್ನಾಗಿ ಕಾಣಬಲ್ಲುದೋ, ಬೇಡದ ಬಸಿರಿಗೆ ಅಷ್ಟೇ ಗಾಢವಾಗಿ ಕುರುಡಾಗಬಲ್ಲುದು.

ಇದು ಎಷ್ಟು ಮಂದಿಗೆ ಆಗುತ್ತದೆ ಎಂಬುದಕ್ಕೆ ನಂಬಬಹುದಾದ ಒಂದು ಲೆಕ್ಕವಿದೆ. ಜರ್ಮನಿಯ ಬರ್ಲಿನ್ ನಗರದಲ್ಲಿ ಯೆನ್ಸ್ ವೆಸ್ಸೆಲ್ ಮತ್ತು ಉಲ್ರಿಶ್ ಬುಷರ್ ಎಂಬ ವೈದ್ಯರು ೧೯೯೫–೯೬ ರಲ್ಲಿ ಒಂದು ವರ್ಷದ ಹೆರಿಗೆಗಳನ್ನೆಲ್ಲ ವಿಚಾರಿಸಿ, ಅದರ ಫಲವನ್ನು ೨೦೦೨ ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಪ್ಪತ್ತು ವಾರಗಳು ಕಳೆದರೂ ತಾನು ಗರ್ಭಿಣಿಯೆಂದು ಅರಿಯದಿದ್ದವರು ೪೭೫ ಹೆರಿಗೆಗಳಿಗೆ ಒಬ್ಬರು. ಬೇನೆ ಬರುವವರೆಗೂ ಅರಿಯದೆ ಬದುಕಬಲ್ಲ ಮಗುವನ್ನು ಹೆತ್ತವರು ೨,೪೫೫ ಕ್ಕೆ ಒಬ್ಬರು. ಒಂದೇ ಬಸಿರಿನಲ್ಲಿ ಮೂರು ಮಕ್ಕಳು ಹುಟ್ಟುವುದಕ್ಕಿಂತ ಇದು ಸುಮಾರು ಮೂರರಷ್ಟು ಹೆಚ್ಚೆಂದು ಆ ವೈದ್ಯರು ಬರೆದರು. ತ್ರಿವಳಿಗಳ ಮಾತನ್ನು ನಾವೆಲ್ಲರೂ ಕೇಳಿದ್ದೇವೆ, ನಂಬುತ್ತೇವೆ. ಅದಕ್ಕಿಂತ ಸಾಮಾನ್ಯವಾದ ಇದನ್ನು ನಂಬುವುದಿಲ್ಲ! ಬರ್ಲಿನ್ನಿನ ಲೆಕ್ಕವನ್ನು ತಂದು ನಮ್ಮ ನಾಡಿಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಆದರೂ ಲಕ್ಷ ಹೆರಿಗೆಗಳಿಗೆ ನಲವತ್ತರಂತೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ವಿಷಯದ ಗಾತ್ರ ತಿಳಿಯುವುದು. ಇನ್ನೊಂದು ಮಾತು: ಆ ಹೆಂಗಸರೆಲ್ಲ ಏನೂ ತಿಳಿಯದ ಎಳೆಯರಾಗಲಿ ಬುದ್ಧಿ ಸ್ಥಿಮಿತವಿಲ್ಲದವರಾಗಲಿ ಆಗಿರಲಿಲ್ಲ. ಅವರಲ್ಲಿ ಹಲವರು ಆಗಲೇ ಮಕ್ಕಳನ್ನು ಹೆತ್ತಿದ್ದವರು, ಗಂಡನೊಡನೆ ಸಂಸಾರ ಮಾಡುತ್ತಿದ್ದವರು. ಕೆಲವರು ಆ ತಿಂಗಳುಗಳಲ್ಲಿ ಬೇರೆ ಬೇರೆ ಕಾರಣಗಳಿಗೆ ವೈದ್ಯರ ಬಳಿಗೂ ಹೋಗಿ ಬಂದಿದ್ದರು, ವೈದ್ಯರಿಗೂ ತಿಳಿದಿರಲಿಲ್ಲ.

ಹಾಗಾದರೆ ದೇಹವು ಸುಳ್ಳು ಹೇಳುವುದೆ? ಸುಳ್ಳಲ್ಲ, ಅದು ಅನೇಕ ಅರ್ಥಗಳುಳ್ಳ ಮಾತನ್ನು ಆಡುತ್ತದೆ, ಕೇಳುವವಳು ತನಗೆ ನಿರೀಕ್ಷೆಯಿರುವ ಅರ್ಥವನ್ನು ಹಿಡಿಯುತ್ತಾಳೆ. ಮುಟ್ಟು ನಿಲ್ಲುವುದು ಬಸಿರಿನ ಮೊದಲ ಗುರುತೆಂದು ನಾವು ತಿಳಿದಿದ್ದೇವೆ. ಆದರೆ ಹದಿನಾಲ್ಕು ಹದಿನೈದು ವಯಸ್ಸಿನ ಹುಡುಗಿಗೆ ಮುಟ್ಟು ಇನ್ನೂ ಕ್ರಮಕ್ಕೆ ಬಂದಿರುವುದಿಲ್ಲ. ಎರಡು ತಿಂಗಳು ತಪ್ಪಿದರೆ ಅವಳಿಗೆ ಅದು ಹೊಸತಲ್ಲ. ಅಂಡಾಶಯದ ತೊಂದರೆಯುಳ್ಳವರಿಗೂ, ಹೊಟ್ಟೆಗೆ ಸಾಲದೆ ಬಡಕಲಾದವರಿಗೂ ಹೀಗೆಯೇ. ನಲವತ್ತು ದಾಟಿದವಳು “ಇನ್ನು ನಿಲ್ಲುವ ಕಾಲ ಬಂತು” ಎಂದುಕೊಳ್ಳುವಳು. ಇದಕ್ಕಿಂತ ಮೋಸದ ಸಂಗತಿಯೆಂದರೆ, ಗರ್ಭ ನಿಂತ ಮೇಲೆಯೂ ಕೆಲವರಿಗೆ ಆಗಾಗ ಸ್ವಲ್ಪ ರಕ್ತಸ್ರಾವವಾಗುತ್ತಿರುವುದು. ಅದು ನಿಜವಾದ ಮುಟ್ಟಲ್ಲ. ಆದರೆ ಬಟ್ಟೆ ಕೆಂಪಾದುದನ್ನು ಕಂಡವಳು ಅದನ್ನು ಮುಟ್ಟೆಂದಲ್ಲದೆ ಮತ್ತೇನೆಂದು ತಿಳಿದಾಳು?

ಹೊಟ್ಟೆ ಕಾಣಬೇಡವೆ ಎಂದು ಕೇಳುವಿರಿ. ಕಾಣಲೇಬೇಕೆಂಬ ನಿಯಮವಿಲ್ಲ. ಗರ್ಭಕೋಶವು ಮುಂದಕ್ಕೆ ಬಾಗಿ ಬೆಳೆದರೆ ಹೊಟ್ಟೆ ಉಬ್ಬುವುದು. ಹೊಟ್ಟೆಯ ಸ್ನಾಯುಗಳು ಬಿಗಿಯಾಗಿದ್ದರೆ ಅದು ನೆಟ್ಟಗೆ ಮೇಲಕ್ಕೆ, ಬೆನ್ನೆಲುಬಿನ ಉದ್ದಕ್ಕೆ ಏರುವುದು. ಮಗುವೂ ಉದ್ದುದ್ದವಾಗಿ ಒಳಗೆ ಸೇರಿಕೊಳ್ಳುವುದು. ನಾಟಿಯ ಗದ್ದೆಯಲ್ಲಿ ದುಡಿದು, ಕೊಡ ಹೊತ್ತು ಗಟ್ಟಿಯಾದ ಮೈಯವಳಿಗೆ, ಅದರಲ್ಲಿಯೂ ಮೊದಲನೆಯ ಬಸಿರಿನಲ್ಲಿ, ಹೊಟ್ಟೆ ಎದ್ದು ಕಾಣದಿರುವುದು ಸಾಧ್ಯ. ಸ್ಥೂಲಕಾಯದವಳಿಗೆ ಇನ್ನೊಂದು ಬಗೆಯಲ್ಲಿ ಮರೆಯಾಗುವುದು. ಮಗುವಿನ ಮಿಸುಕಾಟವೊ? ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಅದು ಒಂದು ಮೆತ್ತೆಯಂತೆ ಒದೆತವನ್ನು ತಡೆದು, ಹೊರಗೆ ಮಂದವಾಗಿ ತಿಳಿಸುವುದು. ಒಳಗೆ ಮಗುವಿದೆಯೆಂದು ಬಲ್ಲವಳು ಅದನ್ನು “ಮಗು ಆಡಿತು” ಎನ್ನುವಳು. ಅರಿಯದವಳು “ವಾಯು” ಎನ್ನುವಳು. ಅಂಜನೆಯ ಬೆಟ್ಟದ ಬಳಿಯಲ್ಲಿ ಈ ಶಬ್ದವು ಬೇರೊಂದು ಅರ್ಥವನ್ನೂ ಸೂಚಿಸೀತು. ನಾನು ಹೇಳುತ್ತಿರುವುದು ಅಜೀರ್ಣದ ವಾಯುವನ್ನು.

ಮನಸ್ಸಿಗೂ ಇದರಲ್ಲಿ ಭಾಗವಿದೆ. ಬಸಿರಿಲ್ಲದೆ ಬಸಿರಿನ ಗುರುತುಗಳನ್ನೆಲ್ಲ ತೋರಿಸುವ ಶಕ್ತಿ ಮನಸ್ಸಿಗಿದೆಯೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು. ಇಂಗ್ಲೆಂಡಿನ ಮೊದಲನೆಯ ಮೇರಿ ರಾಣಿಯು ೧೫೫೫ ರಲ್ಲಿ ಹೆರಿಗೆಗೆಂದು ಹ್ಯಾಂಪ್ಟನ್ ಕೋರ್ಟ್ ಅರಮನೆಯನ್ನು ಸೇರಿದಳು. ರಾಜ್ಯವೆಲ್ಲ ವಾರಗಟ್ಟಲೆ ಕಾಯಿತು. ಹೊಟ್ಟೆ ಬೆಳೆದಿತ್ತು, ಮಗು ಬರಲಿಲ್ಲ, ಇರಲೂ ಇಲ್ಲ. ಮಗುವಿಗಾಗಿ ಹಂಬಲಿಸುವ ಮನಸ್ಸು ಇಲ್ಲದ ಬಸಿರನ್ನು ತೋರಿಸಬಲ್ಲುದಾದರೆ, ಬಸಿರೆಂದರೆ ಸರ್ವನಾಶವೆಂದು ಹೆದರಿದ ಮನಸ್ಸು ಇರುವ ಬಸಿರನ್ನು ಅಡಗಿಸುವುದರಲ್ಲಿ ಅಷ್ಟೇನು ಆಶ್ಚರ್ಯ? ಸುದ್ದಿಯನ್ನು ತಿಳಿಸಿದ ಕೆಲವೇ ದಿನಗಳಲ್ಲಿ ಇಂತಹವರ ಹೊಟ್ಟೆ ಮುಂದಕ್ಕೆ ಬರುವುದನ್ನು ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಚಿತ್ತವಿಕಾರದಿಂದಲೂ ಕೆಲವರು ತಮ್ಮ ಗರ್ಭವನ್ನು ಒಪ್ಪದಿರುವುದುಂಟು. ಅದು ಬೇರೆಯ ರೋಗ, ಅದರ ಚಿಕಿತ್ಸೆಯೂ ಬೇರೆ. ಬಹುಮಂದಿಗೆ ಆ ರೋಗವಿರುವುದಿಲ್ಲ.

ನಮ್ಮ ಸೀಮೆಯ ಗೃಹಸ್ಥ ಹೆಂಗಸರಲ್ಲಿಯೇ ಇದು ಎರಡು ಬಾಗಿಲುಗಳಿಂದ ಬರುವುದು. ಮೊದಲನೆಯದು ಬಾಣಂತಿಯದು. ಮೊಲೆಯೂಡಿಸುವಷ್ಟು ಕಾಲ ಮುಟ್ಟಾಗುವುದಿಲ್ಲ, ಮುಟ್ಟಾಗದೆ ಬಸಿರಾಗುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಮೊದಲಿನ ಆರು ತಿಂಗಳು, ಮಗುವಿಗೆ ಮೊಲೆಹಾಲೊಂದೇ ಆಹಾರವಾಗಿದ್ದು ಮುಟ್ಟು ಮರಳದಿದ್ದರೆ, ಅದು ಬಹುಮಟ್ಟಿಗೆ ನಿಜ. ಆಮೇಲೆ ನಿಜವಲ್ಲ. ಮುಟ್ಟು ಮರಳುವುದಕ್ಕೆ ಮುಂಚೆಯೇ ಅಂಡವು ಬಿಡುಗಡೆಯಾಗುವುದು. ಹಾಗೆ ಗರ್ಭ ನಿಂತರೆ, ತಪ್ಪಿದ ಮುಟ್ಟೆಂಬ ಗುರುತೇ ಅವಳಿಗೆ ಸಿಕ್ಕುವುದಿಲ್ಲ. ಎರಡನೆಯದು ಶಸ್ತ್ರಕ್ರಿಯೆಯಾದವಳದು. ೨೦೧೯–೨೧ ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಕ್ರಿಯೆಯನ್ನು ಮಾಡಿಸಿಕೊಂಡವರು. “ನನಗೆ ಆಪರೇಷನ್ ಆಗಿದೆ” ಎಂದಮೇಲೆ ಯಾರೂ ಮುಂದಕ್ಕೆ ಯೋಚಿಸುವುದಿಲ್ಲ. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಮೀರಿದ ಹೆಂಗಸರನ್ನು ವರ್ಷಗಟ್ಟಲೆ ವಿಚಾರಿಸುತ್ತ ಹೋದವರು ೧೯೯೬ ರಲ್ಲಿ ತಿಳಿಸಿದಂತೆ, ಶಸ್ತ್ರಕ್ರಿಯೆಯಾದ ಹತ್ತು ವರ್ಷಗಳೊಳಗೆ ಸಾವಿರದಲ್ಲಿ ಸುಮಾರು ಹದಿನೆಂಟು ಮಂದಿಗೆ ಗರ್ಭ ನಿಂತಿತ್ತು. ಹೀಗೆ ನಿಂತ ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿಯೇ ಬೆಳೆದು ಒಡೆಯುವ ಭಯ ಹೆಚ್ಚು, ಪ್ರಾಣಕ್ಕೇ ಅಪಾಯ.

ಹರಿಯಾಣದ ಕೂಲಿಯ ಹೆಂಗಸೊಬ್ಬಳ ಪ್ರಸಂಗ ಸುಪ್ರೀಂ ಕೋರ್ಟಿನವರೆಗೆ ಹೋಗಿ ೨೦೦೦ ದ ಏಪ್ರಿಲಿನಲ್ಲಿ ತೀರ್ಪಾಯಿತು. ೧೯೮೮ ರಲ್ಲಿ ಅವಳಿಗೆ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಗಿತ್ತು. ಆಮೇಲೆ ಅನುಮಾನ ಬಂದು ವೈದ್ಯರನ್ನು ಕೇಳಿದರೆ, ನೀನು ಗರ್ಭಿಣಿಯಲ್ಲವೆಂದು ಹೇಳಿ ಕಳುಹಿಸಿದರು. ಎರಡು ತಿಂಗಳಾದ ಮೇಲೆ ಗರ್ಭವೇ ಎದ್ದು ಕಂಡಿತು. ಹುಟ್ಟಿದ ಹೆಣ್ಣು ಮಗುವಿನ ಪೋಷಣೆಯ ವೆಚ್ಚವನ್ನು ಸರಕಾರವೇ ಕೊಡಬೇಕೆಂದು ನ್ಯಾಯಾಲಯವು ವಿಧಿಸಿತು. ಇಲ್ಲಿ ಗರ್ಭವನ್ನು ನಿರಾಕರಿಸಿದವರು ಯಾರು ಎಂದು ನೀವೇ ಹೇಳಿರಿ.

ಇನ್ನು ಹುಡುಗಿಯರ ಮಾತು. ೨೦೨೪ ರ ಜನವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ವಿದ್ಯಾರ್ಥಿನಿಲಯದಲ್ಲಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಆಸ್ಪತ್ರೆಗೆ ಹೋಗಿ ಮಗುವನ್ನು ಹೆತ್ತಳು. ೨೦೨೫ ರ ಆಗಸ್ಟಿನಲ್ಲಿ ಯಾದಗಿರಿ ಜಿಲ್ಲೆಯ ವಸತಿಶಾಲೆಯೊಂದರಲ್ಲಿ ಅದೇ ತರಗತಿಯ ಇನ್ನೊಬ್ಬ ಹುಡುಗಿಗೆ ಶೌಚಾಲಯದಲ್ಲಿಯೇ ಹೆರಿಗೆಯಾಯಿತು. ಎರಡು ಕಡೆಯೂ ಅಧಿಕಾರಿಗಳು ಅಮಾನತಾದರು, ಪೋಲೀಸರ ವಿಚಾರಣೆ ನಡೆಯಿತು. ಆ ಮಕ್ಕಳು ತಿಳಿದೂ ಅಡಗಿಸಿದರೋ, ತಿಳಿಯದೆಯೇ ಇದ್ದರೋ ಎಂಬುದನ್ನು ಹೊರಗಿನವರಾದ ನಾವು ನಿರ್ಣಯಿಸಬಾರದು. ಹದಿನೆಂಟು ತುಂಬದವಳ ವಿಷಯದಲ್ಲಿ ಕಾನೂನಿಗೆ ಬೇಕಾದ ಪ್ರಶ್ನೆಯೇ ಬೇರೆ: ಅವಳಿಗೆ ಈ ಅವಸ್ಥೆಯನ್ನು ತಂದವನು ಯಾರು ಎಂಬುದು. ಆದರೆ ಪತ್ರಿಕೆಗಳಲ್ಲಿ ಇಂತಹ ಸುದ್ದಿ ಬಂದ ದಿನ ಜನ ಆಡುವ ಮಾತು ಒಂದೇ: ಇಷ್ಟು ಜನರ ಮಧ್ಯೆ ಯಾರಿಗೂ ತಿಳಿಯಲಿಲ್ಲವೆ?

ಶೌಚಾಲಯದ ವಿಷಯವನ್ನು ಬಿಡಿಸಿ ಹೇಳಬೇಕು. ಸಭ್ಯತೆಯ ಸಲುವಾಗಿ ಇದನ್ನು ಮುಚ್ಚಿಡುವುದರಿಂದ ಅನ್ಯಾಯವಾಗಿದೆ. ಹೆರಿಗೆಯ ಕೊನೆಯ ಹಂತದಲ್ಲಿ ಮಗುವಿನ ತಲೆಯು ಕೆಳಗಿಳಿದು ಗುದನಾಳವನ್ನು ಒತ್ತುವುದು. ಆಗ ಹೆಂಗಸಿಗೆ ಉಂಟಾಗುವ ವೇದನೆಯು ಮಲವಿಸರ್ಜನೆಯ ಒತ್ತಡದಂತೆಯೇ ಇರುವುದು. ಹತ್ತು ಹೆತ್ತವಳೂ ಹಾಗೆಯೇ ಹೇಳುವಳು. ತನಗೆ ಹೆರಿಗೆಬೇನೆಯೆಂದು ಬಲ್ಲವಳು ಸೂಲಗಿತ್ತಿಯನ್ನು ಕೂಗುವಳು. ಅರಿಯದವಳು ಎದ್ದು ಶೌಚಾಲಯಕ್ಕೆ ಹೋಗುವಳು. ಅಲ್ಲಿ ಕುಳಿತ ಭಂಗಿಯೇ ಹೆರಿಗೆಯನ್ನು ಚುರುಕುಗೊಳಿಸುವುದು. ಮಗು ಕೆಳಕ್ಕೆ ಬಿದ್ದು ತಲೆಗೆ ಪೆಟ್ಟಾಗಬಹುದು, ನೀರಿನಲ್ಲಿ ಮುಳುಗಬಹುದು. ಹೊಕ್ಕುಳಬಳ್ಳಿ ಹರಿದು ರಕ್ತ ಹೋಗಬಹುದು. ಒರಸಿ ಬೆಚ್ಚಗಿಡುವವರಿಲ್ಲದೆ ಥಂಡಿಯಿಂದಲೇ ಸಾಯಬಹುದು. ತಾಯಿಯೂ ರಕ್ತ ಸುರಿದು ಪ್ರಜ್ಞೆ ತಪ್ಪಿ ಬಿದ್ದಿರುವಳು, ಇಲ್ಲವೆ ಏನಾಯಿತೆಂಬುದೇ ತಿಳಿಯದೆ ಕಲ್ಲಾಗಿ ಕುಳಿತಿರುವಳು. ಬಾಗಿಲೊಡೆದು ಒಳಹೊಕ್ಕವರಿಗೆ ಕಾಣುವುದೇನು? ಸತ್ತ ಮಗು, ಬದುಕಿರುವ ತಾಯಿ. ಇದೇ ಸಾಕ್ಷ್ಯವೆಂದು ಜನ ತಿಳಿಯುವರು.

ಕಾನೂನು ಇದನ್ನು ಹೇಗೆ ನೋಡುತ್ತದೆ? ಇಂಗ್ಲೆಂಡಿನಲ್ಲಿ ೧೯೨೨ ರಲ್ಲಿ ಒಂದು ಶಾಸನವಾಗಿ, ೧೯೩೮ ರಲ್ಲಿ ಅದು ವಿಸ್ತರಿಸಲ್ಪಟ್ಟಿತು: ಹೆತ್ತ ತಾಯಿಯು ಪ್ರಸವದಿಂದ ಕದಡಿದ ಮನಸ್ಸಿನಲ್ಲಿ ಒಂದು ವರ್ಷದೊಳಗಿನ ತನ್ನ ಮಗುವಿನ ಸಾವಿಗೆ ಕಾರಣಳಾದರೆ ಅದನ್ನು ಕೊಲೆಯೆಂದೆಣಿಸದೆ ಬೇರೊಂದು ಲಘುವಾದ ಅಪರಾಧವೆಂದು ಎಣಿಸತಕ್ಕದ್ದೆಂದು. ಭಾರತದಲ್ಲಿ ಅಂತಹ ಶಾಸನ ಆಗಲಿಲ್ಲ. ಇಲ್ಲಿ ಮಗುವಿನ ಹೆಣವನ್ನು ಗುಟ್ಟಾಗಿ ಹೂಳಿದುದಕ್ಕೆ ೧೮೬೦ ರ ದಂಡಸಂಹಿತೆಯ ೩೧೮ ನೆಯ ಕಲಮು ಇತ್ತು. ೨೦೨೪ ರ ಜುಲೈ ೧ ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ೯೪ ನೆಯದಾಗಿದೆ. ಎರಡು ವರ್ಷಗಳವರೆಗೆ ಶಿಕ್ಷೆ. ಆದರೆ ಕೊಂದಳೆಂಬ ಆರೋಪ ಬಂದರೆ ಅದು ಯಾವ ಕೊಲೆಯಂತೆಯೋ ಹಾಗೆಯೇ. ಮಗು ಜೀವಸಹಿತ ಹುಟ್ಟಿತ್ತೆ ಎಂಬುದಕ್ಕೆ, ಅದರ ಶ್ವಾಸಕೋಶವನ್ನು ನೀರಿನಲ್ಲಿ ಹಾಕಿ ತೇಲುವುದೋ ಮುಳುಗುವುದೋ ಎಂದು ನೋಡುವ ಹದಿನೇಳನೆಯ ಶತಮಾನದ ಪರೀಕ್ಷೆಯ ಮಾತು ಇಂದಿಗೂ ಕೇಳಿಬರುವುದು. ಕೊಳೆತ ಶರೀರದ ಶ್ವಾಸಕೋಶವು ಉಸಿರಾಡದಿದ್ದರೂ ತೇಲೀತು. ಕೆಲವು ಕ್ಷಣ ಉಸಿರಾಡಿದ ಮಗುವಿನದೂ ಮುಳುಗೀತು. ತೇಲಿದರೂ ಅದರಿಂದ ತಿಳಿಯುವುದು ಉಸಿರಾಡಿತೆಂಬುದೇ ಹೊರತು, ಯಾರು ಕೊಂದರೆಂಬುದಲ್ಲ.

ಛತ್ತೀಸಗಡದ ಒಂದು ಹಳ್ಳಿಯಲ್ಲಿ ಸಣ್ಣ ಕುಂಟೆಯೊಂದರಲ್ಲಿ ಎಳೆಯ ಶಿಶುವಿನ ಹೆಣ ಸಿಕ್ಕಿತು. ಊರಿನಲ್ಲಿ ಒಂಟಿಯಾಗಿದ್ದ ಹೆಂಗಸೊಬ್ಬಳು ಗರ್ಭಿಣಿಯಾಗಿದ್ದಳೆಂಬ ಕಾರಣದಿಂದ ಅವಳೇ ಕೊಂದವಳೆಂದು ೨೦೦೫ ರಲ್ಲಿ ಜೀವಾವಧಿ ಶಿಕ್ಷೆಯಾಯಿತು; ೨೦೧೦ ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ೨೦೨೩ ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಭಯ ಓಕ ಮತ್ತು ಸಂಜಯ ಕರೋಲ್ ಅವರು ಅವಳನ್ನು ಬಿಡುಗಡೆ ಮಾಡಿದರು. ಆ ಮಗು ಅವಳದೆಂಬುದಕ್ಕೇ ಪುರಾವೆಯಿರಲಿಲ್ಲ. ಸರಿಯಾದ ಸಾಕ್ಷ್ಯವಿಲ್ಲದೆ ಹೆಂಗಸಿನ ಮೇಲೆ ಇಂತಹ ಆರೋಪವನ್ನು ಹೊರಿಸುವುದು ಹಳೆಯ ಪೂರ್ವಗ್ರಹಗಳನ್ನು ಬಲಪಡಿಸುವುದೆಂದು ಅವರು ಹೇಳಿದರು. ಮೊದಲನೆಯ ತೀರ್ಪಿನಿಂದ ಕೊನೆಯದಕ್ಕೆ ಹದಿನೆಂಟು ವರ್ಷಗಳು.

ಇದಕ್ಕೆ ಶಿಕ್ಷೆಗಿಂತ ಆಸರೆಯೇ ಮದ್ದೆಂದು ಕಂಡುಕೊಂಡವರು ನಮ್ಮಲ್ಲಿ ಬಹು ಹಿಂದೆಯೇ ಇದ್ದರು. ಪುಣೆಯಲ್ಲಿ ಜ್ಯೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿಗಳು ೧೮೬೩ ರಲ್ಲಿ ಶಿಶುಹತ್ಯೆಯನ್ನು ತಡೆಯುವ ಮನೆಯನ್ನು ತೆರೆದು, ಗರ್ಭಿಣಿಯರಾದ ವಿಧವೆಯರು ಬಂದು ಗುಟ್ಟಾಗಿಯೂ ಸುರಕ್ಷಿತವಾಗಿಯೂ ಹೆತ್ತು, ಬೇಕಾದರೆ ಮಗುವನ್ನು ಅಲ್ಲಿಯೇ ಬಿಟ್ಟುಹೋಗಬಹುದೆಂದು ಸಾರಿದರು. ಅಲ್ಲಿ ಹುಟ್ಟಿದ ಒಂದು ಮಗುವನ್ನು ತಾವೇ ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟು ಸಾಕಿದರು. ಜರ್ಮನಿಯು ಹೆಸರನ್ನು ಗುಟ್ಟಾಗಿಟ್ಟುಕೊಂಡು ಆಸ್ಪತ್ರೆಯಲ್ಲಿ ಹೆರುವ ಹಕ್ಕನ್ನು ಶಾಸನದ ಮೂಲಕ ಕೊಟ್ಟದ್ದು ೨೦೧೪ ರಲ್ಲಿ!

ಇಂದು ನಮ್ಮ ಕಾನೂನಿನಲ್ಲಿಯೂ ದಾರಿಗಳಿವೆ. ಅವು ಜನರಿಗೆ ತಿಳಿದಿಲ್ಲ. ಸಾಕಲಾರದ ತಾಯಿಯು ಮಗುವನ್ನು ಪೊದೆಯಲ್ಲಿ ಬಿಡಬೇಕಾಗಿಲ್ಲ. ೨೦೧೫ ರ ಬಾಲನ್ಯಾಯ ಕಾಯಿದೆಯ ಪ್ರಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಅದನ್ನು ಒಪ್ಪಿಸಬಹುದು. ಮನಸ್ಸು ಬದಲಾಯಿಸಿಕೊಳ್ಳಲು ಎರಡು ತಿಂಗಳ ಅವಕಾಶವಿದೆ. ೧೦೯೮ ಎಂಬ ದೂರವಾಣಿ ಸಂಖ್ಯೆಗೆ ಕರೆದರೆ ದಾರಿ ಹೇಳುವವರು ಸಿಕ್ಕುವರು. ಗರ್ಭಪಾತದ ಕಾಯಿದೆಯನ್ನು ೨೦೨೧ ರಲ್ಲಿ ತಿದ್ದಿ, ಕೆಲವು ವರ್ಗದ ಸ್ತ್ರೀಯರಿಗೆ ಇಪ್ಪತ್ತನಾಲ್ಕು ವಾರಗಳವರೆಗೆ ಅವಕಾಶ ಮಾಡಲಾಯಿತು. ಅವಿವಾಹಿತೆಯರಿಗೂ ಆ ಹಕ್ಕು ಸಮಾನವೆಂದು ೨೦೨೨ ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಉಪಕಾರವೂ ಇದೆ. ಹದಿನೆಂಟು ತುಂಬದ ಹುಡುಗಿಯು ಗರ್ಭಪಾತಕ್ಕಾಗಿ ಬಂದಾಗ ವೈದ್ಯರು ಪೋಲೀಸರಿಗೆ ವರದಿ ಕೊಡಲೇಬೇಕು. ಆದರೆ ಅವಳೂ ಅವಳ ಪೋಷಕರೂ ಕೋರಿದರೆ, ಅವಳ ಹೆಸರನ್ನು ಆ ವರದಿಯಲ್ಲಿ ಬಯಲು ಮಾಡಬೇಕಾಗಿಲ್ಲ. ಹೆಸರು ಹೊರಬೀಳುವುದೆಂಬ ಭಯಕ್ಕೇ ಆಸ್ಪತ್ರೆಯ ಹೊಸ್ತಿಲನ್ನು ತುಳಿಯದವರು ಎಷ್ಟು ಮಂದಿಯೋ. ಇಷ್ಟಿದ್ದರೂ, ಬಸಿರೆಂಬುದೇ ತಿಳಿಯದವಳಿಗೆ ಇಪ್ಪತ್ತನಾಲ್ಕು ವಾರಗಳ ಹಕ್ಕಿನಿಂದ ಏನು ಪ್ರಯೋಜನ? ತಿಳಿಯುವ ಹೊತ್ತಿಗೆ ಆ ಗಡುವು ಮೀರಿಹೋಗಿರುವುದು.

ಆದುದರಿಂದ ಮಾತು ಮತ್ತೆ ಎಣಿಕೆಗೇ ಬರುವುದು. ಹನುಮನಹಳ್ಳಿಯಂತಹ ಊರುಗಳಲ್ಲಿ ಈಗ ಸೂಲಗಿತ್ತಿಯ ಸ್ಥಾನದಲ್ಲಿ ಆಶಾ ಕಾರ್ಯಕರ್ತೆಯಿದ್ದಾಳೆ, ಅಂಗನವಾಡಿಯಿದೆ. ಬಸುರಿಯ ಹೆಸರು ಬರೆದುಕೊಳ್ಳುತ್ತಾರೆ, ತಾಯಿ ಕಾರ್ಡು ಕೊಡುತ್ತಾರೆ; ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಹಾಕುವ ಮಾತೃಪೂರ್ಣವೆಂಬ ಯೋಜನೆ ೨೦೧೭ ರಿಂದ ನಡೆದಿದೆ. ಮೂತ್ರದ ಎರಡು ಹನಿಯಿಂದ ಕೆಲವು ನಿಮಿಷಗಳಲ್ಲಿ ಬಸಿರನ್ನು ತಿಳಿಸುವ ನಿಶ್ಚಯ್ ಎಂಬ ಪಟ್ಟಿಯನ್ನೂ ಆಶಾ ಕಾರ್ಯಕರ್ತೆಯರ ಕೈಗೆ ಕೊಡಲಾಗಿದೆ. ಇದೆಲ್ಲವೂ ಮೆಚ್ಚತಕ್ಕದ್ದೇ. ಆದರೆ ಅವಳ ಬಳಿಯಿರುವ ವಹಿಯ ಹೆಸರು ಅರ್ಹ ದಂಪತಿಗಳ ವಹಿ. ಅದರಲ್ಲಿ ಸೇರುವವರು ಮದುವೆಯಾದವರು ಮಾತ್ರ. ಅತ್ತೆಯ ಎಣಿಕೆ ಎಲ್ಲಿ ನಿಲ್ಲುತ್ತಿತ್ತೋ ಸರಕಾರದ ಎಣಿಕೆಯೂ ಅಲ್ಲಿಯೇ ನಿಂತಿದೆ.

ವಹಿಯನ್ನು ತಿದ್ದುವುದು ಸರಕಾರದ ಕೆಲಸ. ಅಷ್ಟರೊಳಗೆ ನಾವು ಮಾಡಬಹುದಾದದ್ದು ಸಣ್ಣದು. ವಸತಿಶಾಲೆಯಲ್ಲಿಯೋ ಮನೆಯಲ್ಲಿಯೋ ಹುಡುಗಿಯೊಬ್ಬಳು ಹೊಟ್ಟೆನೋವೆಂದರೆ, ಬೆನ್ನುನೋವೆಂದರೆ, ತಿಂದದ್ದು ನಿಲ್ಲುವುದಿಲ್ಲವೆಂದರೆ, ಬಾಣಂತಿಯೊಬ್ಬಳು ಮತ್ತೆ ಸುಸ್ತೆಂದರೆ, ಆಪರೇಷನ್ ಆದವಳಿಗೆ ಮುಟ್ಟು ತಪ್ಪಿದರೆ, ಜೀರಿಗೆಯ ಕಷಾಯದ ಜೊತೆಗೆ ಆ ಎರಡು ಹನಿಯ ಪರೀಕ್ಷೆಯೂ ಆಗಲಿ. ಅದನ್ನು ಅವಮಾನವೆಂದು ವೈದ್ಯರಾಗಲಿ ಮನೆಯವರಾಗಲಿ ಭಾವಿಸಬೇಕಾಗಿಲ್ಲ, ಜ್ವರವೆಂದರೆ ಉಷ್ಣಮಾಪಕವನ್ನಿಡುವುದಿಲ್ಲವೆ? ಕೇಳುವ ರೀತಿ ಮಾತ್ರ ಮುಖ್ಯ. ಕೋಣೆಯ ತುಂಬ ಜನರಿರುವಾಗ “ನಿಜ ಹೇಳು” ಎಂದು ಗದರಿಸಿದರೆ ಅವಳಿಂದ ಬರುವ ಉತ್ತರ ಇಲ್ಲವೆಂದೇ; ಅದು ಸುಳ್ಳೂ ಆಗಿರಬೇಕಾಗಿಲ್ಲ. ಎಲ್ಲ ಬಲ್ಲ ಹಿರಿಯಳೊಬ್ಬಳು ಉಳಿದವರನ್ನು ಹೊರಗೆ ಕಳುಹಿಸಿ, ಬಾಗಿಲು ಮುಂದೂಡಿ, ಹತ್ತಿರ ಕುಳಿತು ಕೇಳಲಿ: “ಯವ್ವಾ, ನೀ ಹೊರಗಾಗಿ ಎಷ್ಟು ದಿನಾ ಆತು?” ಹುಡುಗಿ ಬೆರಳು ಮಡಿಸಿ ಎಣಿಸತೊಡಗುವಳು. ಎಣಿಸುತ್ತ ಎಣಿಸುತ್ತ ಎಲ್ಲಿಯೋ ಒಂದು ಕಡೆ ಬೆರಳು ನಿಲ್ಲುವುದು. ಆಗ ಅವಳ ಕೈಯನ್ನು ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬರಿರಬೇಕು.